ವಾದಾಸ್ ಬೆಟ್ಟದ ಕಲ್ಲು, ಬೆನೆರ್ ಅಣೆಕಟ್ಟು ಮತ್ತು ಹಳ್ಳಿಯನ್ನು ಕೇಳದೇ ಹೋದ ಪ್ರಶ್ನೆ

ಇಂಡೊನೇಷ್ಯಾದ ಮಧ್ಯ ಜಾವಾ ಪ್ರಾಂತ್ಯದ ಪುರ್ವೊರೆಜೊ ಜಿಲ್ಲೆಯಲ್ಲಿ, ಕಡಲಿನಿಂದ ಒಳಕ್ಕೆ ಬೆಟ್ಟಗಳ ನಡುವೆ ಇರುವ ವಾದಾಸ್ ಎಂಬ ರೈತರ ಹಳ್ಳಿ, ಕಳೆದ ದಶಕದ ಕೊನೆಯವರೆಗೂ ಆ ದೇಶದೊಳಗೇ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಸಮೀಪದ ಬೊಗೊವೊಂಟೊ ನದಿಗೆ ಕಟ್ಟಲಾಗುತ್ತಿರುವ ಬೆನೆರ್ ಅಣೆಕಟ್ಟಿಗೆ ಬೇಕಾದ ಆಂಡೆಸೈಟ್ ಎಂಬ ಜ್ವಾಲಾಮುಖಿ ಕಲ್ಲನ್ನು ಈ ಹಳ್ಳಿಯ ಬೆಟ್ಟದಿಂದ ತೆಗೆಯಬೇಕೆಂದು ಸರಕಾರ ತೀರ್ಮಾನಿಸಿದ ಮೇಲೆ ಅಲ್ಲಿ ಪ್ರತಿಭಟನೆ, ಬಂಧನ, ನ್ಯಾಯಾಲಯದ ಹೋರಾಟ, ಸಂಧಾನ ಎಲ್ಲವೂ ನಡೆದವು. ಕೊನೆಗೆ ಬಹುಪಾಲು ಜಮೀನುದಾರರು ಪರಿಹಾರದ ಹಣ ಪಡೆದು ಭೂಮಿ ಬಿಟ್ಟುಕೊಟ್ಟರು. ಈಗ ಹಿಂತಿರುಗಿ ನೋಡುವವರಲ್ಲಿ ಕೆಲವರು ಇದನ್ನು ಸುಖಾಂತ್ಯವಾದ ಜಗಳವೆಂದೂ, ಕೆಲವರು ಸೋತುಹೋದ ಚಳವಳಿಯೆಂದೂ ವರ್ಣಿಸುತ್ತಾರೆ. ಈ ಎರಡೂ ಮಾತುಗಳು ಮುಖ್ಯವಾದ ಸಂಗತಿಯನ್ನು ಬಿಟ್ಟುಬಿಡುತ್ತವೆ ಎಂಬುದು ನನ್ನ ಅಭಿಪ್ರಾಯ. ಭೂಮಿ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಹಳ್ಳಿಯ ಮುಂದೆ ಎಂದೂ ನಿಜವಾಗಿ ಬರಲೇ ಇಲ್ಲ. ಹಳ್ಳಿಯವರ ಪಾಲಿಗೆ ಉಳಿದದ್ದು ಎಷ್ಟಕ್ಕೆ ಕೊಡುತ್ತೀರಿ ಎಂಬ ಪ್ರಶ್ನೆ ಮಾತ್ರ. ಇದು ಹೇಗಾಯಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ಮೊದಲು ಆ ಭೂಮಿಯಲ್ಲಿ ಏನು ಬೆಳೆಯುತ್ತಿತ್ತು, ಅದನ್ನು ನಂಬಿ ಯಾರು ಬದುಕುತ್ತಿದ್ದರು ಎಂಬುದನ್ನು ನೋಡಬೇಕು.

ಜಾವಾ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ. ವಾದಾಸ್‌ನ ಬದುಕು ನಿಂತಿರುವುದು ಹೆಚ್ಚಾಗಿ ಬೆಟ್ಟದ ಇಳಿಜಾರಿನ ಮಿಶ್ರ ತೋಟಗಳ ಮೇಲೆ. ಎತ್ತರದಲ್ಲಿ ಡೂರಿಯನ್, ಪೆಟೈ ಎಂಬ ತರಕಾರಿ ಕಾಯಿಯ ಮರ, ತೆಂಗು, ಲವಂಗ ಮತ್ತು ಸೌದೆ-ಮೋಪಿಗಾಗಿ ಬೆಳೆಸಿದ ಸೆಂಗೊನ್ ಮರಗಳು. ಅವುಗಳ ನೆರಳಿನಲ್ಲಿ ಕಾಫಿ. ಮರದ ಬೊಡ್ಡೆಗಳಿಗೆ ಹಬ್ಬಿದ ಬಾಲಮೆಣಸು ಮತ್ತು ವೆನಿಲ್ಲಾ ಬಳ್ಳಿಗಳು. ನೆಲಮಟ್ಟದಲ್ಲಿ ಜಾವಾದ ಏಲಕ್ಕಿ, ಶುಂಠಿ, ಗೆಡ್ಡೆಗಳು. ಹಳ್ಳದ ಅಂಚಿನಲ್ಲಿ ಬಿದಿರು ಮೆಳೆ. ಹೊರಗಿನಿಂದ ನೋಡಿದವರಿಗೆ ಇದು ಕಾಡಿನಂತೆ ಕಾಣುತ್ತದೆ, ಆದರೆ ಯಾವ ಮರ ಯಾರದು, ಯಾರ ಅಜ್ಜ ನೆಟ್ಟದ್ದು, ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತು ಎಂಬುದೆಲ್ಲ ಊರಿನವರಿಗೆ ಬಾಯಿಪಾಠ. ಡೂರಿಯನ್ ಹಣ್ಣಿನ ಕಾಲದಲ್ಲಿ ಒಟ್ಟಿಗೆ ಸಿಗುವ ಹಣದಿಂದ ಮನೆ ದುರಸ್ತಿ, ಮದುವೆ, ಮಕ್ಕಳ ಓದಿನ ಖರ್ಚು ನಡೆಯುತ್ತದೆ. ಕಾಫಿ ಮತ್ತು ಲವಂಗದ ಕೊಯ್ಲು ಬೇರೆ ತಿಂಗಳುಗಳಲ್ಲಿ ಬರುತ್ತದೆ. ಸೆಂಗೊನ್ ಮರವನ್ನು ಕಷ್ಟಕಾಲಕ್ಕೆಂದು ನಿಲ್ಲಿಸಿಕೊಂಡಿರುತ್ತಾರೆ. ಒಂದು ಬೆಳೆಯ ಬೆಲೆ ಬಿದ್ದರೆ ಇನ್ನೊಂದು ಕೈಹಿಡಿಯುತ್ತದೆ, ಆದ್ದರಿಂದ ಇಡೀ ವರ್ಷ ಬರಿಗೈಯಲ್ಲಿ ಕೂರುವ ಪ್ರಸಂಗ ಕಡಿಮೆ.

ದಿನದಿನದ ಖರ್ಚಿಗೆ ಆಗಿಬರುವುದು ಅರೆನ್ ತಾಳೆಯ ಬೆಲ್ಲ. ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮಾತ್ರ ಪರಿಹಾರದ ಲೆಕ್ಕದಲ್ಲಿ ಏನು ತಪ್ಪಿಹೋಯಿತು ಎಂಬುದು ತಿಳಿಯುತ್ತದೆ. ಗಂಡು ಹೂಗೊಂಚಲು ಬಿಟ್ಟ ಮರವನ್ನು ಗುರುತಿಸಿ, ಅದರ ದಂಟನ್ನು ಹಲವು ವಾರಗಳ ಕಾಲ ಮೆಲ್ಲಗೆ ಬಡಿದು, ತೂಗಾಡಿಸಿ ಹದಗೊಳಿಸಬೇಕು. ಆಮೇಲೆ ದಂಟಿನ ತುದಿಯನ್ನು ಕತ್ತರಿಸಿ, ಬಿದಿರಿನ ಕೊಳವೆ ಕಟ್ಟಿ, ಬೆಳಗ್ಗೆ ಮತ್ತು ಸಂಜೆ ಮರ ಹತ್ತಿ ರಸ ಇಳಿಸಬೇಕು. ಪ್ರತಿ ಸಲವೂ ತುದಿಯಿಂದ ತೆಳುವಾದ ಒಂದು ಪದರವನ್ನು ಕೆತ್ತಿದರೆ ಮಾತ್ರ ರಸ ಒಸರುತ್ತಲೇ ಇರುತ್ತದೆ. ಇಳಿಸಿದ ರಸ ಹುಳಿಯಾಗುವ ಮುನ್ನ ಒಲೆಯ ಮೇಲಿಟ್ಟು ತಾಸುಗಟ್ಟಲೆ ಕುದಿಸಿ, ಪಾಕ ಬಂದ ಮೇಲೆ ತೆಂಗಿನ ಚಿಪ್ಪಿಗೋ ಬಿದಿರಿನ ಅಚ್ಚಿಗೋ ಸುರಿಯುತ್ತಾರೆ. ಮರ ಹತ್ತುವುದು ಸಾಮಾನ್ಯವಾಗಿ ಗಂಡಸರ ಕೆಲಸ, ಒಲೆಯ ಮುಂದಿನ ಕೆಲಸ ಹೆಂಗಸರದು. ಇಂಥ ಹಳ್ಳಿಗಳಲ್ಲಿ ಮರದ ಒಡೆಯನೇ ರಸ ಇಳಿಸಬೇಕೆಂದಿಲ್ಲ. ಇನ್ನೊಬ್ಬರ ಮರದಿಂದ ಇಳಿಸಿ, ಬೆಲ್ಲದಲ್ಲಿ ಪಾಲು ಕೊಡುವುದು ಜಾವಾದ ಹಳ್ಳಿಗಾಡಿನಲ್ಲಿ ಹಳೆಯ ರೂಢಿ. ಬಿದಿರಿನದೂ ಅದೇ ಕಥೆ. ಹೆಂಗಸರು ಬಿದಿರನ್ನು ತೆಳ್ಳನೆಯ ಸೀಳುಗಳಾಗಿ ಸಿಗಿದು, ಬಿಸಿಲಿಗೆ ಒಣಗಿಸಿ, ಬೆಸೆಕ್ ಎಂಬ ಮುಚ್ಚಳವಿರುವ ಚೌಕ ಪೆಟ್ಟಿಗೆಗಳನ್ನು ಹೆಣೆಯುತ್ತಾರೆ. ಮನೆಯ ಶುಭಾಶುಭ ಕಾರ್ಯಗಳಲ್ಲಿ ಬಂದವರಿಗೆ ಊಟ ಕಟ್ಟಿಕೊಡಲು, ಬಕ್ರೀದಿನಂದು ಮಾಂಸ ಹಂಚಲು ಇವು ಬೇಕು. ಒಂದು ಪೆಟ್ಟಿಗೆಗೆ ಸಿಗುವ ಕಾಸು ಬಹಳ ಕಡಿಮೆಯಾದರೂ, ಅದು ಬೇರೆ ಯಾರನ್ನೂ ಕೇಳದೆ ಹೆಣ್ಣುಮಕ್ಕಳ ಕೈಗೇ ಬರುವ ಕಾಸು.

ಭೂಮಿಯ ಒಡೆತನದ ಚಿತ್ರ ಇದರಷ್ಟು ನೆಮ್ಮದಿಯದಲ್ಲ. ಜಾವಾದಲ್ಲಿ ತಲೆಮಾರಿನಿಂದ ತಲೆಮಾರಿಗೆ ಜಮೀನು ಹೋಳಾಗುತ್ತಲೇ ಬಂದಿದೆ. ಅರ್ಧ ಹೆಕ್ಟೇರಿಗಿಂತ, ಅಂದರೆ ಸುಮಾರು ಒಂದೂಕಾಲು ಎಕರೆಗಿಂತ, ಕಡಿಮೆ ಭೂಮಿ ಇರುವ ರೈತರನ್ನು ಅಲ್ಲಿ 'ಗುರೆಮ್' ಎನ್ನುತ್ತಾರೆ. ಇಂಡೊನೇಷ್ಯಾದ ಕೃಷಿ ಗಣತಿಯ ಪ್ರಕಾರ 2013ರಲ್ಲಿ ಇಂಥ ಕುಟುಂಬಗಳು ಸುಮಾರು 1.42 ಕೋಟಿ ಇದ್ದವು. 2023ರ ಗಣತಿಯಲ್ಲಿ ಅವು ಸುಮಾರು 1.69 ಕೋಟಿಗೆ ಏರಿದವು. ಭೂಮಿ ಬಳಸುವ ಕೃಷಿ ಕುಟುಂಬಗಳಲ್ಲಿ ಅವುಗಳ ಪಾಲು ಹತ್ತು ವರ್ಷಗಳಲ್ಲಿ ಶೇ 55ರಿಂದ ಸುಮಾರು ಶೇ 61ಕ್ಕೆ ಹೆಚ್ಚಿತು. ಇಷ್ಟು ಚಿಕ್ಕ ಹಿಡುವಳಿಯಲ್ಲಿ ಭತ್ತವೊಂದನ್ನೇ ನಂಬಿದವರಿಗೆ ಕೂಲಿಗೆ ಹೋಗದೆ ಬೇರೆ ದಾರಿ ಇರುವುದಿಲ್ಲ. ಮಿಶ್ರ ತೋಟ ಇರುವ ಬೆಟ್ಟದ ಹಳ್ಳಿಗಳಲ್ಲಿ ಮಾತ್ರ ಚಿಕ್ಕ ತುಂಡು ಭೂಮಿಯೂ ಹಲವು ಪದರಗಳಲ್ಲಿ ಫಲ ಕೊಡುವುದರಿಂದ ಒಂದು ಸಂಸಾರ ಹೇಗೋ ನಿಭಾಯಿಸಿಕೊಂಡು ಹೋಗುತ್ತದೆ. ಇನ್ನು ದಾಖಲೆಗಳ ವಿಷಯ: ಹಳ್ಳಿಗಾಡಿನ ಎಷ್ಟೋ ಜಮೀನುಗಳಿಗೆ ಇರುವುದು ನೋಂದಾಯಿತ ಹಕ್ಕುಪತ್ರವಲ್ಲ, ಹಳ್ಳಿಯ ಕಚೇರಿಯ 'ಲೆಟರ್ ಸಿ' ಪುಸ್ತಕದ ನಮೂದು. ಮೂಲತಃ ಇದು ನಮ್ಮ ಹಳೆಯ ಕಂದಾಯದ ಪುಸ್ತಕದಂತೆ ತೆರಿಗೆ ವಸೂಲಿಗಾಗಿ ಇಟ್ಟದ್ದು. ತೀರಿಹೋದ ಅಜ್ಜನ ಹೆಸರಿನಲ್ಲೇ ಖಾತೆ ಇದ್ದು, ಮೊಮ್ಮಕ್ಕಳು ಬಾಯಿಮಾತಿನ ಪಾಲಿನಂತೆ ಉಳುಮೆ ಮಾಡುವುದು ಅಪರೂಪವಲ್ಲ. ಭೂಸ್ವಾಧೀನದ ಅಧಿಕಾರಿಗಳು ಸರ್ವೆ ಸರಪಳಿಯೊಂದಿಗೆ ಬಂದಾಗ ಈ ಬಾಯಿಮಾತಿನ ಲೋಕವೆಲ್ಲ ಒಂದೇ ಏಟಿಗೆ ಕಾಗದದ ಮೇಲೆ ಇಳಿಯಬೇಕಾಗುತ್ತದೆ, ಕಾಗದದಲ್ಲಿ ಕಾಣದವರು ಲೆಕ್ಕದಿಂದ ಹೊರಗುಳಿಯುತ್ತಾರೆ.

ಈಗ ಅಣೆಕಟ್ಟಿನ ಕಡೆಗೆ ಬರೋಣ. ಬೆನೆರ್ ಅಣೆಕಟ್ಟು 150 ಮೀಟರಿಗೂ ಹೆಚ್ಚು ಎತ್ತರದ, ಇಂಡೊನೇಷ್ಯಾದ ಅತಿ ಎತ್ತರದ ಕಟ್ಟೆಗಳಲ್ಲಿ ಒಂದಾಗಲಿರುವ ಯೋಜನೆ. ಸುಮಾರು 10 ಕೋಟಿ ಘನ ಮೀಟರ್ ನೀರು ಹಿಡಿದಿಡುವುದು, ಸುಮಾರು 15,500 ಹೆಕ್ಟೇರ್ ಗದ್ದೆಗಳಿಗೆ ನೀರುಣಿಸುವುದು, ಕುಡಿಯುವ ನೀರು ಪೂರೈಸುವುದು, ಪ್ರವಾಹ ತಗ್ಗಿಸುವುದು, ಒಂದಷ್ಟು ವಿದ್ಯುತ್ ಉತ್ಪಾದಿಸುವುದು ಅದರ ಘೋಷಿತ ಉದ್ದೇಶಗಳು. ಕೆಳಭಾಗದ ಬಯಲಿನ ರೈತರಿಗೆ ಬೇಸಗೆಯಲ್ಲಿ ನೀರು ಸಿಗುವುದು ಸಣ್ಣ ಸಂಗತಿಯಲ್ಲ. ವಾದಾಸ್‌ನ ಪರ ಬರೆಯುವವರು ಅಣೆಕಟ್ಟಿನಿಂದ ಯಾರಿಗೂ ಪ್ರಯೋಜನವಿಲ್ಲ ಎಂಬ ಧಾಟಿಯಲ್ಲಿ ಮಾತನಾಡಿದರೆ ಅದು ಆ ಬಯಲಿನ ಜನರಿಗೆ ಮಾಡುವ ಅನ್ಯಾಯ. ಆದರೆ ನೀರಿನ ಫಲಾನುಭವಿಗಳ ಪಟ್ಟಿಯಲ್ಲಿ ನೆರೆಯ ಯೋಗ್ಯಕರ್ತ ವಿಶೇಷ ಪ್ರಾಂತ್ಯದ ಕುಲೊನ್ ಪ್ರೊಗೊ ಜಿಲ್ಲೆಯೂ ಇದೆ, ಅಲ್ಲಿ 2020ರಲ್ಲಿ ಪೂರ್ಣಪ್ರಮಾಣದಲ್ಲಿ ಆರಂಭವಾದ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ಅದರ ಸುತ್ತ ಬೆಳೆಯಲಿರುವ ಪಟ್ಟಣವೂ ಇದೆ ಎಂಬುದನ್ನು ಗಮನಿಸಬೇಕು. ಆ ವಿಮಾನ ನಿಲ್ದಾಣಕ್ಕಾಗಿಯೂ ಕರಾವಳಿಯ ಮರಳು ನೆಲದಲ್ಲಿ ಮೆಣಸಿನಕಾಯಿ, ಕಲ್ಲಂಗಡಿ ಬೆಳೆಯುತ್ತಿದ್ದ ರೈತರನ್ನು ಎಬ್ಬಿಸಲಾಗಿತ್ತು. ಒಂದು ಯೋಜನೆ ಇನ್ನೊಂದನ್ನು ಬೇಡುತ್ತದೆ, ಪ್ರತಿಯೊಂದರ ತುದಿಯಲ್ಲೂ ಒಂದು ಹಳ್ಳಿ ಇರುತ್ತದೆ.

ವಾದಾಸ್‌ನ ಜಮೀನು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿಲ್ಲ ಎಂಬುದೇ ಈ ವಿವಾದದ ತಿರುಳು. ಸರಕಾರ ಅಲ್ಲಿ ಕೇಳಿದ್ದು ಸುಮಾರು 114 ಹೆಕ್ಟೇರ್ ಬೆಟ್ಟವನ್ನು, ಕಲ್ಲು ಕ್ವಾರಿಗಾಗಿ. ಕಟ್ಟೆಯ ಒಡಲಿಗೆ ತುಂಬಲು ಲಕ್ಷಾಂತರ ಘನ ಮೀಟರ್ ಆಂಡೆಸೈಟ್ ಬೇಕು. ಹತ್ತಿರದಲ್ಲೇ ಬೇಕಾದ ಗುಣಮಟ್ಟದ, ಬೇಕಾದಷ್ಟು ಕಲ್ಲು ಇರುವುದು ವಾದಾಸ್ ಬೆಟ್ಟದಲ್ಲೇ, ದೂರದಿಂದ ತಂದರೆ ಸಾಗಣೆಯ ವೆಚ್ಚ ಏರುತ್ತದೆ ಎಂಬುದು ಅಧಿಕಾರಿಗಳ ವಾದ. ಮುಳುಗಡೆಗೂ ಕ್ವಾರಿಗೂ ದೊಡ್ಡ ವ್ಯತ್ಯಾಸವಿದೆ. ಕಟ್ಟೆ ಎಲ್ಲಿ ಎಂಬುದು ತೀರ್ಮಾನವಾದ ಮೇಲೆ ಹಿನ್ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಭೂಮಿಯ ಇಳಿಜಾರೇ ನಿರ್ಧರಿಸುತ್ತದೆ, ಅಲ್ಲಿ ಆಯ್ಕೆಗೆ ಅವಕಾಶ ಕಡಿಮೆ. ಕಲ್ಲು ಹಾಗಲ್ಲ. ಜ್ವಾಲಾಮುಖಿಗಳ ನಾಡಾದ ಜಾವಾದಲ್ಲಿ ಆಂಡೆಸೈಟ್ ಅಪರೂಪದ ಶಿಲೆಯೇನೂ ಅಲ್ಲ. ಅದನ್ನು ಎಲ್ಲಿಂದ ತರುವುದು ಎಂಬುದು ವೆಚ್ಚ, ದೂರ ಮತ್ತು ಗುಣಮಟ್ಟಗಳನ್ನು ತೂಗಿ ನೋಡಿ ಮಾಡುವ ಆಯ್ಕೆ. ಆಯ್ಕೆ ಎಂದಾದ ಮೇಲೆ ಒಂದು ಜೀವಂತ ಹಳ್ಳಿಯ ತೋಟಗಳೂ ಆ ತಕ್ಕಡಿಯಲ್ಲಿ ಇರಬೇಕಿತ್ತು. ಸಾಗಣೆಯ ವೆಚ್ಚ ಉಳಿಯುವುದು ಯೋಜನೆಗೆ, ಆ ಉಳಿತಾಯಕ್ಕೆ ಬೆಲೆ ತೆರುವುದು ವಾದಾಸ್. ಈ ಕೊಡುಕೊಳ್ಳುವಿಕೆ ನ್ಯಾಯವೇ ಎಂದು ಹಳ್ಳಿಯ ಮುಂದೆ ಲೆಕ್ಕ ಬಿಚ್ಚಿ ಮಾತನಾಡಿದ್ದರೆ ಇಡೀ ಪ್ರಕರಣ ಬೇರೆಯೇ ದಾರಿ ಹಿಡಿಯಬಹುದಿತ್ತು.

ಹಾಗೆ ಮಾತನಾಡುವ ಅಗತ್ಯವೇ ಬಾರದಂತೆ ಮಾಡಿದ್ದು ಕಾನೂನಿನ ಜೋಡಣೆ. ಭೂಮಿ, ನೀರು ಮತ್ತು ನೈಸರ್ಗಿಕ ಸಂಪತ್ತು ರಾಜ್ಯದ ಹತೋಟಿಯಲ್ಲಿದ್ದು ಜನರ ಗರಿಷ್ಠ ಏಳಿಗೆಗಾಗಿ ಬಳಕೆಯಾಗಬೇಕು ಎಂದು ಇಂಡೊನೇಷ್ಯಾದ 1945ರ ಸಂವಿಧಾನದ 33ನೇ ವಿಧಿ ಹೇಳುತ್ತದೆ. 1960ರ ಮೂಲ ಕೃಷಿಭೂಮಿ ಕಾಯಿದೆ ವಸಾಹತುಶಾಹಿ ಕಾಲದ ಭೂ ಕಾನೂನನ್ನು ಬದಿಗೆ ಸರಿಸಿ, ಭೂಮಿಗೆ ಸಾಮಾಜಿಕ ಹೊಣೆ ಇದೆ ಎಂದು ಸಾರಿತು. ಉಳುವವನಿಗೆ ನ್ಯಾಯ ಕೊಡಿಸುವ ಆಸೆ ಅದರ ಬೆನ್ನಿಗಿತ್ತು. ಅದೇ ಸಾಮಾಜಿಕ ಹೊಣೆಯ ಮಾತು ಮುಂದೆ ಸರಕಾರಿ ಭೂಸ್ವಾಧೀನದ ಸಮರ್ಥನೆಯಾಗಿ ಬಳಕೆಗೆ ಬಂತು. ಸಾರ್ವಜನಿಕ ಹಿತಕ್ಕಾಗಿ ಭೂಸ್ವಾಧೀನವನ್ನು ನಿಯಂತ್ರಿಸುವ 2012ರ 2ನೇ ಕಾಯಿದೆಯಲ್ಲಿ ಯಾವ ಯಾವ ಕಾಮಗಾರಿಗಳು ಸಾರ್ವಜನಿಕ ಹಿತದವು ಎಂಬ ಪಟ್ಟಿ ಇದೆ. ಅಣೆಕಟ್ಟು ಆ ಪಟ್ಟಿಯಲ್ಲಿದೆ, ಕಲ್ಲುಗಣಿಗಾರಿಕೆ ಇಲ್ಲ. ಹೀಗಿರುವಾಗ ಗಣಿಗಾರಿಕೆಗೆ ಬೇಕಾದ ಭೂಮಿಯನ್ನು ಈ ಕಾಯಿದೆಯಡಿ ಕಿತ್ತುಕೊಳ್ಳುವುದು ಹೇಗೆ ಎಂಬುದು ಹಳ್ಳಿಯವರ ಪರ ವಕೀಲರ ಮೊದಲ ಪ್ರಶ್ನೆಯಾಗಿತ್ತು. ಕ್ವಾರಿಯು ಅಣೆಕಟ್ಟಿನದೇ ಒಂದು ಭಾಗ, ಅದು ಪ್ರತ್ಯೇಕ ಗಣಿಯಲ್ಲ, ಕಲ್ಲು ಮಾರಾಟಕ್ಕಲ್ಲ, ಆದ್ದರಿಂದ ಗಣಿ ಪರವಾನಗಿಯೂ ಬೇಕಿಲ್ಲ ಎಂಬುದು ಸರಕಾರದ ಉತ್ತರ. ಪರಿಸರ ಪರಿಣಾಮದ ಅಧ್ಯಯನವನ್ನೂ ಕಟ್ಟೆಗೆ ಮತ್ತು ಕ್ವಾರಿಗೆ ಸೇರಿಸಿ ಒಂದೇ ಕಡತದಲ್ಲಿ ಮುಗಿಸಲಾಯಿತು.

ಈ ಒಂದೇ ಕಡತದ ವಿಷಯ ಮೇಲ್ನೋಟಕ್ಕೆ ಬರಿಯ ತಾಂತ್ರಿಕ ವಿವರದಂತೆ ತೋರಬಹುದು, ಆದರೆ ನನ್ನ ದೃಷ್ಟಿಯಲ್ಲಿ ವಾದಾಸ್ ಸೋತದ್ದು ಇಲ್ಲಿಯೇ. ಕ್ವಾರಿಗೆ ಪ್ರತ್ಯೇಕ ಅಧ್ಯಯನ ನಡೆದಿದ್ದರೆ ಕಲ್ಲಿಗೆ ಬೇರೆ ಜಾಗಗಳಿವೆಯೇ, ಬೆಟ್ಟ ಕಡಿದರೆ ಬುಗ್ಗೆಗಳ ಗತಿ ಏನು, ಸಿಡಿಮದ್ದಿನ ಅದುರಾಟಕ್ಕೆ ಕೆಳಗಿನ ಮನೆಗಳು ತಡೆದಾವೇ ಎಂಬ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರ ಕೊಡಬೇಕಾಗುತ್ತಿತ್ತು. ಒಟ್ಟು ಕಡತದಲ್ಲಿ ಅಣೆಕಟ್ಟಿನ ಪ್ರಯೋಜನಗಳ ದೊಡ್ಡ ಪಟ್ಟಿಯ ಮುಂದೆ ಒಂದು ಬೆಟ್ಟದ ನಷ್ಟ ತೀರಾ ಚಿಕ್ಕದಾಗಿ ಕಾಣುತ್ತದೆ. ಅಣೆಕಟ್ಟನ್ನು ಒಪ್ಪುವವರು ಕ್ವಾರಿಯನ್ನೂ ಒಪ್ಪಲೇಬೇಕು, ಕ್ವಾರಿಯನ್ನು ವಿರೋಧಿಸುವವರು ಅಣೆಕಟ್ಟಿನ ವಿರೋಧಿಗಳು ಎಂಬ ಪರಿಸ್ಥಿತಿ ಹುಟ್ಟಿದ್ದು ಹೀಗೆ. ವಾದಾಸ್‌ನವರು ತಾವು ಅಣೆಕಟ್ಟನ್ನು ವಿರೋಧಿಸುತ್ತಿಲ್ಲ, ತಮ್ಮ ಬೆಟ್ಟವನ್ನು ಕಡಿಯುವುದನ್ನು ವಿರೋಧಿಸುತ್ತಿದ್ದೇವೆ ಎಂದು ಮತ್ತೆ ಮತ್ತೆ ಹೇಳಬೇಕಾಯಿತು.

ಇದರ ಮೇಲೆ ರಾಷ್ಟ್ರೀಯ ವ್ಯೂಹಾತ್ಮಕ ಯೋಜನೆ ಎಂಬ ಮುದ್ರೆ ಬಿತ್ತು. ಅಧ್ಯಕ್ಷ ಜೋಕೋ ವಿಡೋಡೋ ಅವರ ಕಾಲದಲ್ಲಿ, 2016ರಿಂದ, ರಸ್ತೆ, ಬಂದರು, ಅಣೆಕಟ್ಟು, ಕೈಗಾರಿಕಾ ಪ್ರದೇಶಗಳ ಒಂದು ಪಟ್ಟಿಯನ್ನು ಅಧ್ಯಕ್ಷೀಯ ಆದೇಶದ ಮೂಲಕ ಹೊರಡಿಸಿ, ಅವುಗಳಿಗೆ ಪರವಾನಗಿ ಮತ್ತು ಭೂಮಿ ಬೇಗ ಸಿಗುವಂತೆ ಎಲ್ಲ ಹಂತದ ಅಧಿಕಾರಿಗಳಿಗೂ ಹೊಣೆ ವಹಿಸಲಾಯಿತು. ಬೆನೆರ್ ಆ ಪಟ್ಟಿಯಲ್ಲಿ ಸೇರಿತು. 2014ರ ಗ್ರಾಮ ಕಾಯಿದೆಯು ಹಳ್ಳಿಯ ಮುಖ್ಯ ವಿಷಯಗಳನ್ನು ಗ್ರಾಮಸಭೆಯ ಸಮಾಲೋಚನೆಯಲ್ಲಿ, ಅಂದರೆ 'ಮುಷಾವರಾ'ದಲ್ಲಿ, ತೀರ್ಮಾನಿಸಬೇಕೆಂದು ಹೇಳಿ, ಹಳ್ಳಿಗಳಿಗೆ ನೇರ ಅನುದಾನವನ್ನೂ ಕೊಟ್ಟಿತ್ತು. ಹಳ್ಳಿಯ ಚರಂಡಿ, ಕಾಲುದಾರಿಯ ವಿಷಯದಲ್ಲಿ ಆ ಸಭೆಗೆ ಮಾತಿದೆ. ಹಳ್ಳಿಯ ಬೆಟ್ಟವೇ ಹೋಗುವ ವಿಷಯದಲ್ಲಿ ಅದಕ್ಕೆ ಮಾತಿರಲಿಲ್ಲ.

ಮಧ್ಯ ಜಾವಾದ ಗವರ್ನರ್ ಯೋಜನೆಯ ಸ್ಥಳ ನಿರ್ಧಾರದ ಆದೇಶವನ್ನು, ಅಂದರೆ ಎಲ್ಲಿನ ಭೂಮಿ ಸ್ವಾಧೀನಕ್ಕೆ ಒಳಪಡುತ್ತದೆ ಎಂದು ಗೊತ್ತುಮಾಡುವ ಆದೇಶವನ್ನು, 2018ರ ಜೂನ್‌ನಲ್ಲಿ ಹೊರಡಿಸಿದರು. 2012ರ ಕಾಯಿದೆಯ ಮೂಲ ರೂಪದಲ್ಲಿ ಇಂಥ ಆದೇಶಕ್ಕೆ ಎರಡು ವರ್ಷದ ಆಯುಸ್ಸು, ಮೇಲೆ ಒಂದು ವರ್ಷದ ವಿಸ್ತರಣೆ. 2020ರಲ್ಲಿ ವಿಸ್ತರಣೆಯಾಯಿತು, 2021ರ ಜೂನ್‌ನಲ್ಲಿ ಆ ಅವಧಿಯೂ ಮುಗಿಯುವ ಹೊತ್ತಿಗೆ ಗವರ್ನರ್ ಗಂಜಾರ್ ಪ್ರನೊವೊ ಅವರು ಆದೇಶವನ್ನು ನವೀಕರಿಸಿದರು. ಕಾಯಿದೆಯಲ್ಲಿ ಇನ್ನೊಂದು ನವೀಕರಣಕ್ಕೆ ಅವಕಾಶವಿಲ್ಲ, ಎಲ್ಲವನ್ನೂ ಮೊದಲಿನಿಂದ, ಸಮಾಲೋಚನೆಯಿಂದಲೇ, ಆರಂಭಿಸಬೇಕು ಎಂದು ಹಳ್ಳಿಯವರು ಸೆಮಾರಾಂಗ್‌ನ ಆಡಳಿತಾತ್ಮಕ ನ್ಯಾಯಾಲಯಕ್ಕೆ ಹೋದರು. ಆಗಸ್ಟ್‌ನಲ್ಲಿ ಅವರ ಅರ್ಜಿ ವಜಾ ಆಯಿತು, ಸರ್ವೋಚ್ಚ ನ್ಯಾಯಾಲಯದಲ್ಲೂ ಅವರಿಗೆ ಗೆಲುವು ಸಿಗಲಿಲ್ಲ.

ಹಳ್ಳಿಯೊಳಗೆ ವಿರೋಧವನ್ನು ಸಂಘಟಿಸಿದ್ದು ಗೆಂಪಾದೇವಾ ಎಂಬ ಸ್ಥಳೀಯ ಸಂಘಟನೆ. ಯೋಗ್ಯಕರ್ತದ ಕಾನೂನು ನೆರವು ಸಂಸ್ಥೆ ಅದರ ಬೆನ್ನಿಗೆ ನಿಂತಿತು. ಹೆಂಗಸರು ವಾದೊನ್ ವಾದಾಸ್ ಎಂಬ ಹೆಸರಿನಲ್ಲಿ ತಮ್ಮದೇ ಗುಂಪು ಕಟ್ಟಿಕೊಂಡರು. ಹಳ್ಳಿಗೆ ಬರುವ ದಾರಿಯ ಪಕ್ಕದ ಕಾವಲು ಗುಡಿಸಲುಗಳಲ್ಲಿ ಕೂತು ಬೆಸೆಕ್ ಹೆಣೆಯುತ್ತಲೇ ಹೊರಗಿನವರ ಬರುಹೋಗುಗಳ ಮೇಲೆ ಅವರು ಕಣ್ಣಿಟ್ಟಿದ್ದರು. ಕೈಗೆ ದಿನದ ಕೆಲಸ, ಕಣ್ಣಿಗೆ ಹಳ್ಳಿಯ ಕಾವಲು. 2021ರ ಏಪ್ರಿಲ್ 23ರಂದು, ರಂಜಾನ್ ತಿಂಗಳ ನಡುವೆ, ಗಡಿಗುರುತು ಹಾಕುವ ಕೆಲಸದ ಬಗ್ಗೆ ತಿಳಿಸಲು ಅಧಿಕಾರಿಗಳು ಪೊಲೀಸರೊಂದಿಗೆ ಬಂದಾಗ, ಮುಂದಿನ ಸಾಲಿನಲ್ಲಿ ರಸ್ತೆಗೆ ಅಡ್ಡ ಕೂತು ಪ್ರವಾದಿಯ ಸ್ತುತಿ ಹಾಡುತ್ತಿದ್ದವರು ಈ ಹೆಂಗಸರೇ. ಅಶ್ರುವಾಯು ಸಿಡಿಯಿತು, ಹಲವರಿಗೆ ಗಾಯವಾಯಿತು, ಕಾನೂನು ನೆರವಿನ ಕಾರ್ಯಕರ್ತರೂ ಸೇರಿದಂತೆ 11 ಮಂದಿಯನ್ನು ಪೊಲೀಸರು ಹಿಡಿದೊಯ್ದರು.

ಇಡೀ ದೇಶದ ಗಮನ ಸೆಳೆದದ್ದು 2022ರ ಫೆಬ್ರವರಿ 8ರ ಘಟನೆ. ಜಮೀನು ಕೊಡಲು ಒಪ್ಪಿದವರ ತೋಟಗಳನ್ನು ಅಳೆಯಲು ಭೂ ದಾಖಲೆ ಇಲಾಖೆಯ ತಂಡ ಹೊರಟಾಗ ಅದರ ಜತೆ ನೂರಾರು ಪೊಲೀಸರು ಹಳ್ಳಿಗೆ ನುಗ್ಗಿದರು. ಮಸೀದಿಯಲ್ಲಿ ಪ್ರಾರ್ಥನೆಗೆ ಸೇರಿದ್ದವರನ್ನೂ ಸುತ್ತುವರಿದರು. ಅರುವತ್ತಕ್ಕೂ ಹೆಚ್ಚು ಮಂದಿಯನ್ನು ಠಾಣೆಗೆ ಸಾಗಿಸಿ ಮರುದಿನ ಬಿಟ್ಟರು. ಒಪ್ಪಿದವರ ಜಮೀನನ್ನು ಅಳೆಯಲು ಒಪ್ಪದವರನ್ನು ಸೆರೆಹಿಡಿಯಬೇಕಾಗಿ ಬಂತೆಂದರೆ, ಆ ಹೊತ್ತಿಗೆ ಹಳ್ಳಿ ಎಷ್ಟು ಆಳವಾಗಿ ಸೀಳಿಹೋಗಿತ್ತು ಎಂಬುದನ್ನು ಊಹಿಸಬಹುದು. ಪೊಲೀಸರು ಅತಿಯಾದ ಬಲ ಪ್ರಯೋಗಿಸಿದರು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಿತು. ಗವರ್ನರ್ ಮರುದಿನವೇ ಕ್ಷಮೆ ಕೋರಿದರು, ಆದರೆ ಯೋಜನೆ ನಿಲ್ಲಲಿಲ್ಲ.

ಆಮೇಲೆ ಕೆಲಸ ಮಾಡಿದ್ದು ಹಣ. 2012ರ ಕಾಯಿದೆಯಡಿ ಪರಿಹಾರವನ್ನು ಸ್ವತಂತ್ರ ಮೌಲ್ಯಮಾಪಕರು ನಿಗದಿಪಡಿಸುತ್ತಾರೆ. ಭೂಮಿ, ಕಟ್ಟಡ, ಮರಗಿಡಗಳು, ಲೆಕ್ಕ ಹಾಕಬಹುದಾದ ಇತರ ನಷ್ಟಗಳು ಅದರಲ್ಲಿ ಸೇರುತ್ತವೆ. ನಗದು ಮಾತ್ರವಲ್ಲ, ಬದಲಿ ಭೂಮಿ ಅಥವಾ ಪುನರ್ವಸತಿಯ ರೂಪದಲ್ಲೂ ಪರಿಹಾರ ಕೊಡಬಹುದೆಂದು ಕಾಯಿದೆ ಹೇಳುತ್ತದೆ, ಆದರೆ ಆಚರಣೆಯಲ್ಲಿ ಸಾಮಾನ್ಯವಾಗಿ ಸಿಗುವುದು ನಗದೇ. ಬೆಲೆ ಒಪ್ಪಿಗೆಯಾಗದಿದ್ದರೆ 14 ಕೆಲಸದ ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಹಾಗೆ ಹೋಗದೆ ಹಣವನ್ನೂ ನಿರಾಕರಿಸಿದರೆ ಸರಕಾರ ಆ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡುತ್ತದೆ. ಠೇವಣಿ ಇಟ್ಟ ಕ್ಷಣಕ್ಕೆ ಭೂಮಿಯ ಮೇಲಿನ ಹಕ್ಕು ಮುಗಿದುಹೋಗುತ್ತದೆ. ಹೀಗಾಗಿ ಕೊನೆಯವರೆಗೂ ಒಪ್ಪದೇ ನಿಂತ ರೈತನ ಮುಂದೆ ಇದ್ದದ್ದು ಹಣ ತೆಗೆದುಕೊಂಡು ಭೂಮಿ ಕಳೆದುಕೊಳ್ಳುವುದು ಅಥವಾ ಹಣ ತೆಗೆದುಕೊಳ್ಳದೆ ಭೂಮಿ ಕಳೆದುಕೊಳ್ಳುವುದು, ಇವೆರಡೇ. 2022ರಲ್ಲಿ ಒಪ್ಪಿದವರ ಖಾತೆಗಳಿಗೆ ದೊಡ್ಡ ಮೊತ್ತಗಳು ಬಂದವು, ಪತ್ರಿಕೆಗಳು ಬಡ ರೈತರು ರಾತ್ರೋರಾತ್ರಿ ಶ್ರೀಮಂತರಾದ ಕಥೆಗಳನ್ನು ಬರೆದವು. 2023ರ ಹೊತ್ತಿಗೆ ವಿರೋಧಿಸುತ್ತ ಬಂದಿದ್ದ ಕುಟುಂಬಗಳಲ್ಲೂ ಬಹುಪಾಲು ಒಂದೊಂದಾಗಿ ಒಪ್ಪಿದವು.

ಒಪ್ಪಿದ ರೈತರನ್ನು ಆಸೆಗೆ ಬಿದ್ದವರೆಂದು ದೂರುವುದು ತಪ್ಪು. ಹತ್ತಾರು ಲಕ್ಷ ರೂಪಾಯಿಗೆ ಸಮನಾದ ಹಣ ಸಣ್ಣ ಹಿಡುವಳಿದಾರನ ಜೀವನದಲ್ಲಿ ಇನ್ನೊಮ್ಮೆ ಬರುವಂಥದ್ದಲ್ಲ, ಪೊಲೀಸರ ಭಯದಲ್ಲಿ ವರ್ಷಗಟ್ಟಲೆ ಬದುಕುವುದು ಯಾರಿಗೂ ಸುಲಭವಲ್ಲ. ಆದರೆ ಈ ಒಪ್ಪಿಗೆಯನ್ನೇ ಯೋಜನೆಗೆ ಸಿಕ್ಕ ಜನಾದೇಶವೆಂದು ಬಿಂಬಿಸುವುದನ್ನು ನಾನು ಒಪ್ಪಲಾರೆ. ಬೇಡ ಎನ್ನುವ ದಾರಿ ಮುಚ್ಚಿದ ಮೇಲೆ ಹೇಳಿಸಿಕೊಂಡ ಹೂಂ ಅದು. ಜತೆಗೆ ದೊಡ್ಡ ಮೊತ್ತವೊಂದು ಒಮ್ಮೆಗೇ ಕೈಗೆ ಬರುವುದಕ್ಕೂ ಮೂವತ್ತು ವರ್ಷ ಡೂರಿಯನ್, ಕಾಫಿ, ಬೆಲ್ಲಗಳಿಂದ ಸ್ವಲ್ಪ ಸ್ವಲ್ಪವಾಗಿ ಬರುವುದಕ್ಕೂ ಇರುವ ವ್ಯತ್ಯಾಸವನ್ನು ಮೌಲ್ಯಮಾಪಕರ ಕೋಷ್ಟಕ ತೋರಿಸುವುದಿಲ್ಲ. ಒಂದು ಡೂರಿಯನ್ ಮರಕ್ಕೆ ಬೆಲೆ ಕಟ್ಟಬಹುದು. ಅದು ಮಕ್ಕಳ ಕಾಲಕ್ಕೂ ಕಾಯಿ ಬಿಡುವ ಮರ ಎಂಬುದನ್ನು, ಹೊಸ ಊರಿನಲ್ಲಿ ಅಂಥದೇ ತೋಟ ನೆಟ್ಟು ಫಲ ಕಾಣಲು ಹತ್ತು ವರ್ಷ ಕಾಯಬೇಕು ಎಂಬುದನ್ನು, ಸುತ್ತಲಿನ ಎಲ್ಲರೂ ಒಮ್ಮೆಗೇ ಭೂಮಿ ಕೊಳ್ಳಲು ಹೊರಟರೆ ಬೆಲೆ ಏರುತ್ತದೆ ಎಂಬುದನ್ನು ಆ ಬೆಲೆಯಲ್ಲಿ ಸೇರಿಸುವುದು ಕಷ್ಟ.

ಇನ್ನೂ ದೊಡ್ಡ ಕೊರತೆ ಎಂದರೆ ಭೂಮಿಯ ಒಡೆಯರಲ್ಲದವರದು. ಪಾಲಿಗೆ ಅರೆನ್ ರಸ ಇಳಿಸುವವನು, ಬೇರೆಯವರ ಮೆಳೆಯ ಬಿದಿರು ತಂದು ಬೆಸೆಕ್ ಹೆಣೆಯುವವಳು, ಕೊಯ್ಲಿನ ಕಾಲದಲ್ಲಿ ಕೂಲಿಗೆ ಹೋಗುವವರು, ತೋಟದಿಂದ ಸೌದೆ ಮತ್ತು ಮೇಕೆಗೆ ಸೊಪ್ಪು ತರುವ ಬಡ ಮನೆಯವರು, ಇವರ ಹೆಸರಿನಲ್ಲಿ ಯಾವ ಖಾತೆಯೂ ಇಲ್ಲ. ಜಮೀನಿನ ಒಡೆಯನಿಗೆ ಹಣ ಸಿಕ್ಕಿದರೂ ಅದೇ ಜಮೀನಿನಿಂದ ಬದುಕುತ್ತಿದ್ದ ಇವರಿಗೆ ಕಾಯಿದೆಯಲ್ಲಿ ಗಟ್ಟಿಯಾದ ನೆಲೆಯಿಲ್ಲ. ಹೆಂಗಸರು ಈ ಹೋರಾಟದ ಮುಂಚೂಣಿಯಲ್ಲಿ ನಿಂತದ್ದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಜಮೀನು ಹೆಚ್ಚಾಗಿ ಗಂಡನ ಅಥವಾ ಮಾವನ ಹೆಸರಿನಲ್ಲಿರುವಾಗ ಪರಿಹಾರದ ಚೆಕ್ ಆ ಗಂಡಸರ ಕೈಗೆ ಹೋಗುತ್ತದೆ. ಬೆಲ್ಲ ಕಾಯಿಸುವ, ಬಿದಿರು ಹೆಣೆಯುವ ಕಾಸು ಮಾತ್ರ ಹೆಂಗಸರ ಪಾಲಿಗೆ ನಿಂತುಹೋಗುತ್ತದೆ.

ನೀರಿನ ಮಾತೂ ಬಾಕಿ ಇದೆ. ಆ ಬೆಟ್ಟದಲ್ಲಿ ಎರಡು ಡಜನ್‌ಗೂ ಹೆಚ್ಚು ಬುಗ್ಗೆಗಳಿವೆ, ಮನೆಬಳಕೆಗೂ ಗದ್ದೆಗೂ ಅವೇ ಆಧಾರ ಎಂದು ನಿವಾಸಿಗಳು ಹೇಳುತ್ತ ಬಂದಿದ್ದಾರೆ. ವಾದಾಸ್ ಇರುವ ಬೆನೆರ್ ತಾಲ್ಲೂಕು ಭೂಕುಸಿತದ ಅಪಾಯವಿರುವ ಪ್ರದೇಶವೆಂದು ಪುರ್ವೊರೆಜೊ ಜಿಲ್ಲೆಯ ಸ್ವಂತ ಭೂಬಳಕೆ ಯೋಜನೆಯೇ ಗುರುತಿಸಿದೆ, 2016ರ ಜೂನ್‌ನಲ್ಲಿ ಇದೇ ಜಿಲ್ಲೆಯ ಹಲವು ಕಡೆ ಬೆಟ್ಟ ಕುಸಿದು ಬಹಳ ಜನ ಸತ್ತಿದ್ದರು. ಅಂಥ ಇಳಿಜಾರಿನಲ್ಲಿ ಬೇರುಗಳಿಂದ ಮಣ್ಣನ್ನು ಹಿಡಿದಿಟ್ಟಿರುವ ತೋಟಗಳನ್ನು ತೆಗೆದು, ಸಿಡಿಮದ್ದಿಟ್ಟು ಕಲ್ಲು ಎಬ್ಬಿಸಿದ ಮೇಲೆ, ಜಮೀನು ಕೊಡದೆ ಕ್ವಾರಿಯ ಅಂಚಿನಲ್ಲೇ ಉಳಿಯುವ ಮನೆಗಳಿಗೆ ಏನಾದೀತು ಎಂಬ ಆತಂಕ ಕಾಲ್ಪನಿಕವಲ್ಲ. ಇವರು ಭೂಮಿ ಕಳೆದುಕೊಂಡವರ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಪರಿಹಾರದ ಪಟ್ಟಿಯಲ್ಲೂ ಇಲ್ಲ.

ಮಧ್ಯ ಜಾವಾದಲ್ಲಿ ಇದು ಮೊದಲ ಪ್ರಕರಣವಲ್ಲ ಎಂಬುದನ್ನು ನೆನೆದರೆ ವಾದಾಸ್‌ನವರ ಅಪನಂಬಿಕೆ ಅರ್ಥವಾಗುತ್ತದೆ. ಅದೇ ಪ್ರಾಂತ್ಯದ ರೆಂಬಾಂಗ್ ಜಿಲ್ಲೆಯ ಕೆಂಡೆಂಗ್ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಸಿಮೆಂಟ್ ಕಾರ್ಖಾನೆಯನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಒಂಬತ್ತು ರೈತ ಮಹಿಳೆಯರು ಜಕಾರ್ತಾದ ಅಧ್ಯಕ್ಷರ ಭವನದೆದುರು ತಮ್ಮ ಪಾದಗಳನ್ನು ಸಿಮೆಂಟಿನಲ್ಲಿ ಹೂತು ಕೂತಿದ್ದರು. ಆ ವರ್ಷ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕಾರ್ಖಾನೆಯ ಪರಿಸರ ಪರವಾನಗಿಯನ್ನು ರದ್ದು ಮಾಡಿತು. ಕೆಲವೇ ತಿಂಗಳಲ್ಲಿ, 2017ರ ಫೆಬ್ರವರಿಯಲ್ಲಿ, ಪ್ರಾಂತ್ಯದ ಸರಕಾರ ಹೊಸ ಪರವಾನಗಿ ಕೊಟ್ಟಿತು. ಮಾರ್ಚ್‌ನಲ್ಲಿ ಮತ್ತೆ ಪಾದಗಳು ಸಿಮೆಂಟಿಗೆ ಇಳಿದವು, ಅದರಲ್ಲಿ ಭಾಗವಹಿಸಿದ್ದ ಒಬ್ಬ ಮಹಿಳೆ ಹೃದಯಾಘಾತದಿಂದ ತೀರಿಕೊಂಡರು. ನ್ಯಾಯಾಲಯದಲ್ಲಿ ಗೆದ್ದರೂ ಹೊಸ ಕಾಗದ ಬರುತ್ತದೆ ಎಂಬುದನ್ನು ಆ ಪ್ರಾಂತ್ಯದ ರೈತರು ಕಣ್ಣಾರೆ ಕಂಡಿದ್ದರು. 2021ರಲ್ಲಿ ವಾದಾಸ್‌ನ ಸ್ಥಳ ನಿರ್ಧಾರದ ಆದೇಶ ನವೀಕರಣಗೊಂಡಾಗ ಅವರಿಗೆ ಅದು ಹೊಸ ಅನುಭವವೇನೂ ಆಗಿರಲಿಲ್ಲ.

ರಾಜಕೀಯವಾಗಿ ಈ ಪ್ರಕರಣ ಗಂಜಾರ್ ಅವರನ್ನು ಬಿಡದೆ ಹಿಂಬಾಲಿಸಿತು. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಅಭ್ಯರ್ಥಿಯಾಗಿ ನಿಂತಾಗ, 2022ರಲ್ಲಿ ಕೇಂದ್ರದ ಸಮನ್ವಯ ಸಚಿವರಾಗಿ ಪೊಲೀಸರ ಕ್ರಮವನ್ನು ಸಮರ್ಥಿಸಿಕೊಂಡಿದ್ದ ಮಹಫೂದ್ ಎಂ.ಡಿ. ಅವರೇ ಉಪಾಧ್ಯಕ್ಷ ಸ್ಥಾನಕ್ಕೆ ಜತೆಗಾರರಾಗಿದ್ದರು. ವಾದಾಸ್ ಬಗ್ಗೆ ಇಬ್ಬರೂ ಉತ್ತರಿಸಬೇಕಾಯಿತು, ಚುನಾವಣೆಯಲ್ಲಿ ಮೂರನೆಯ ಸ್ಥಾನಕ್ಕೆ ಇಳಿದರು. ಆದರೆ ವ್ಯೂಹಾತ್ಮಕ ಯೋಜನೆಗಳ ಪಟ್ಟಿ ಆ ಚುನಾವಣೆಯಲ್ಲಿ ಗೆದ್ದ ಪ್ರಬೊವೊ ಸುಬಿಯಾಂತೊ ಅವರ ಸರಕಾರದಲ್ಲೂ ಮುಂದುವರಿದಿದೆ. ದೇಶದ ಪೂರ್ವ ತುದಿಯ ಪಾಪುವಾದ ಮೆರೌಕೆಯಲ್ಲಿ ಕಬ್ಬು ಮತ್ತು ಭತ್ತಕ್ಕಾಗಿ ಆದಿವಾಸಿ ಸಮುದಾಯಗಳ ಕಾಡು ಮತ್ತು ಜೌಗು ನೆಲವನ್ನು ತೆರವುಗೊಳಿಸುವ ಕೆಲಸ ಇದೇ ಮುದ್ರೆಯಡಿ ನಡೆದಿದೆ. ವಾದಾಸ್‌ನ 114 ಹೆಕ್ಟೇರಿಗೆ ಹೋಲಿಸಿದರೆ ಅಲ್ಲಿನ ಪ್ರಮಾಣ ಬಹಳ ದೊಡ್ಡದು, ಅಲ್ಲಿನ ಜನರ ಕೈಯಲ್ಲಿ ಲೆಟರ್ ಸಿ ಪುಸ್ತಕದಷ್ಟು ಕಾಗದವೂ ಇಲ್ಲ.

ಬದಲಾಗಬೇಕಾದ ಸಂಗತಿಗಳು ಅಸಾಧ್ಯವಾದವುಗಳಲ್ಲ. ಮುಖ್ಯ ಕಾಮಗಾರಿಯಿಂದ ಬೇರ್ಪಡಿಸಬಹುದಾದ ಕ್ವಾರಿ, ರಸ್ತೆ, ಮಣ್ಣಿನ ಗುಂಡಿಗಳಂಥ ಭಾಗಗಳಿಗೆ ಪ್ರತ್ಯೇಕ ಪರಿಸರ ಅಧ್ಯಯನ ಕಡ್ಡಾಯವಾಗಬೇಕು, ಅದರಲ್ಲಿ ಕನಿಷ್ಠ ಎರಡು ಮೂರು ಬದಲಿ ಜಾಗಗಳ ವೆಚ್ಚವನ್ನು ಸಾಗಣೆಯ ಲೆಕ್ಕದ ಸಮೇತ ಹಳ್ಳಿಯ ಸಭೆಯ ಮುಂದಿಡಬೇಕು. ಸ್ಥಳ ನಿರ್ಧಾರದ ಆದೇಶ ಹೊರಡುವ ಮೊದಲೇ ಗ್ರಾಮ ಕಾಯಿದೆಯ ಮುಷಾವರಾ ನಡೆಯಬೇಕು, ಅದರ ನಿರ್ಣಯವನ್ನು ತಳ್ಳಿಹಾಕುವ ಅಧಿಕಾರಿ ಕಾರಣಗಳನ್ನು ಬರೆದುಕೊಡಬೇಕು. ಪಾಲಿನ ಮೇಲೆ ದುಡಿಯುವವರನ್ನು, ಹೆಣೆಯುವವರನ್ನು, ಕೂಲಿಯವರನ್ನು ಸರ್ವೆಯಲ್ಲೇ ದಾಖಲಿಸಿ ಅವರಿಗೂ ಪರಿಹಾರದಲ್ಲಿ ಹಕ್ಕು ಕೊಡಬೇಕು. ವಾದಾಸ್‌ಗೆ ಇವು ತಡವಾಗಿ ಬಂದ ಮಾತುಗಳು. ಆ ಹಳ್ಳಿಗೆ ಈಗ ತುರ್ತಾಗಿ ಬೇಕಾದದ್ದು ಕ್ವಾರಿಯ ಸುತ್ತಲಿನ ಬುಗ್ಗೆಗಳ ಹರಿವನ್ನು ಮತ್ತು ಇಳಿಜಾರಿನ ಬಿರುಕುಗಳನ್ನು ತಿಂಗಳು ತಿಂಗಳೂ ಅಳೆದು ಊರಿನವರಿಗೆ ತಿಳಿಸುವ, ಯೋಜನೆಯ ಗುತ್ತಿಗೆದಾರರ ಹಿಡಿತದಲ್ಲಿಲ್ಲದ ಒಂದು ತಂಡ. ಕಲ್ಲು ತೆಗೆದು ಮುಗಿದ ಮೇಲೆ ಆ ಬೆಟ್ಟಕ್ಕೆ ಮತ್ತೆ ಮಣ್ಣು ಹೊದಿಸಿ ಮರ ನೆಡುವ ಹೊಣೆ ಯಾರದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಮತ್ತು ಹಾಗೆ ಮರಳಿ ಹಸಿರಾದ ನೆಲದಲ್ಲಿ ಹಳೆಯ ಹಿಡುವಳಿದಾರರಿಗೆ ಪಾಲಿದೆಯೇ ಎಂಬುದಕ್ಕೆ ಲಿಖಿತ ಉತ್ತರವೂ ಬೇಕು.